ಸುರಪುರದ ಬಂದೂಕು ತೊಳೆದದ್ದು ಯಾವುದರಿಂದ?

🔸 ಭಾಗ 1/5: ಗುರಿ ಅಲ್ಲ, ಮಸಿ

ದೋಸ್ತರೇ, ಸುರಪುರ ಅಂದ ತಕ್ಷಣ ನಮಗೆ ನೆನಪಾಗೋದು ಬೇಡರ ಗುರಿ. ಮೊಘಲರ ಕಾಲದ ಬರಹಗಾರರೂ ಈ ಬಂದೂಕುಧಾರಿ ಕಾಲಾಳುಗಳಿಗೆ ಹೆದರಿ ಬರೆದಿದ್ದಾರೆ. ಅವರಿಗೆ ‘ಕಾಲಾ ಪಿಯಾದಾ’ ಅಂತ ಹೆಸರೇ ಇಟ್ಟಿದ್ದರು. "ಅದು ರಕ್ತದಾಗೇ ಬಂದದ್ದು" ಅಂತ ನಾವು ಎದೆ ಉಬ್ಬಿಸ್ತೀವಿ. ಆದರ ಒಂದು ಪ್ರಶ್ನೆ ಯಾರೂ ಕೇಳಲ್ಲ: ಗುಂಡು ಹಾರಿಸಿದ ಮೇಲೆ ಆ ನಳಿಗೆಯನ್ನ ಯಾವುದರಿಂದ ತೊಳೀತಿದ್ದರು?

ಸಣ್ಣ ಪ್ರಶ್ನೆ ಅನಿಸ್ತದ. ಆದರೆ ಹಳೇ ಮದ್ದಿನ ಲೆಕ್ಕ ನೋಡ್ರಿ. ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಸುಟ್ಟಾಗ ಎಲ್ಲಾ ಹೊಗೆಯಾಗಿ ಹೋಗಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಸ್ತುವಾಗೇ ಉಳೀತದ. ಒಂದಷ್ಟು ಹೊಗೆಯ ಜೊತೆ ಹೊರಗೆ ಹಾರಿದರೂ ಬಾಕಿದ್ದು ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ತದ. ಹತ್ತಾರು ಗುಂಡು ಹಾರಿಸಿದರೆ ನಳಿಗೆ ಇಕ್ಕಟ್ಟಾಗಿ ಮುಂದಿನ ಗುಂಡು ಇಳಿಯೋದೇ ಕಷ್ಟ. ಹಂಗೇ ಬಿಟ್ಟರೆ ಆ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನ ತಿಂತದ. ಮಳೆಗಾಲದಾಗ ಒಂದು ರಾತ್ರಿ ಸಾಕು, ತುಕ್ಕು ಹಿಡಿಯೋಕೆ.

ಅಂದ್ರ ಗುರಿ ಅನ್ನೋದು ಕಣ್ಣಿನ ಮಾತಷ್ಟೇ ಅಲ್ಲ. ಸಂಜೆ ಕುಂತು ನಳಿಗೆ ತೊಳೆಯುವ ಕೈಯ ಮಾತೂ ಹೌದು.

🔸 ಭಾಗ 2/5: ಉತ್ತರ ನಿಮ್ಮ ಅಡುಗೆಮನೆಯಲ್ಲೇ ಅದ

ಒಂದು ಪ್ರಯೋಗ ಮಾಡಿ. ಒಂದು ಬಟ್ಟಲು ಎಣ್ಣೆಗೆ ಒಂದು ಚಮಚ ಉಪ್ಪು ಹಾಕಿ ಕಲಸಿ. ಎಷ್ಟು ಹೊತ್ತಾದರೂ ಕರಗಲ್ಲ. ಅದೇ ಉಪ್ಪನ್ನ ನೀರಿಗೆ ಹಾಕಿ, ಕ್ಷಣದಾಗ ಮಾಯ.

ಹಳೇ ಮದ್ದಿನ ಮಸಿಯಲ್ಲಿ ಹೆಚ್ಚಿನ ಪಾಲು ಪೊಟ್ಯಾಸಿಯಂ ಲವಣಗಳು: ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್. ಎಲ್ಲವೂ ನೀರಿನಲ್ಲಿ ಕರಗ್ತಾವ. ಹಂಗಾಗಿ ಬತ್ತಿ ಬಂದೂಕಿನ ಕಾಲದಾಗ ಜಗತ್ತಿನ ಎಲ್ಲಾ ಕಡೆ ಅತ್ಯುತ್ತಮ ದ್ರಾವಕ ಅಂದ್ರ ನೀರು. ಬಿಸಿ ನೀರಾದರೆ ಇನ್ನೂ ಚಲೋ, ಯಾಕಂದ್ರ ಕಾದ ಕಬ್ಬಿಣ ಬೇಗ ಒಣಗ್ತದ. ಸಲಾಕೆಗೆ ಬಟ್ಟೆ ಸುತ್ತಿ, ನಳಿಗೆಯೊಳಗೆ ಮೇಲೆ ಕೆಳಗೆ ಎಳೆಯೋದು. ಕರೀ ನೀರು ಹೊರಬರುವಾಗ ಕೊಳೆತ ಮೊಟ್ಟೆಯ ವಾಸನೆ. ಅದು ಗಂಧಕದ್ದು. ನೀರು ತಿಳಿಯಾಗೋ ತನಕ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ.

ಇಲ್ಲೇ ಜನ ಎಡವೋದು. ಎಣ್ಣೆ ತೊಳೆಯೋಕೆ ಅಲ್ಲ, ಕಾಯೋಕೆ. ಉಪ್ಪಿನ ಮೇಲೇ ಎಣ್ಣೆ ಸವರಿದರೆ ತುಕ್ಕಿಗೆ ಹೊದಿಕೆ ಹೊದಿಸಿದಂಗ. ಮತ್ತೆ ಎಲ್ಲಾ ಎಣ್ಣೆಯೂ ಒಂದೇ ಅಲ್ಲ. ನಮ್ಮ ಕಡೆಯ ಕುಸುಬಿ ಎಣ್ಣೆ ಗಾಳಿಗೆ ಒಣಗಿ ಅಂಟಾಗ್ತದ. ಅಡುಗೆಮನೆಯ ಎಣ್ಣೆ ಡಬ್ಬಿಯ ಮುಚ್ಚಳ ಮುಟ್ಟಿ ನೋಡ್ರಿ, ಗೊತ್ತಾಗ್ತದ.

🔸 ಭಾಗ 3/5: ವಾಗಣಗೇರಾ, 1705

ಈಗ ಇತಿಹಾಸಕ್ಕೆ ಬರೋಣ. ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ 1705ರ ಫೆಬ್ರುವರಿಯಲ್ಲಿ ಸ್ವತಃ ಔರಂಗಜೇಬ ಮುತ್ತಿಗೆ ಹಾಕಿದ. ಒಳಗಿದ್ದದ್ದು ಪಿಡ್ಡನಾಯಕ. ದಿಲ್ಲಿಯ ಬಾದಶಹ, ಅದೂ ಎಂಬತ್ತು ದಾಟಿದ ಮುದುಕ, ಒಂದು ಪಾಳೆಯದ ಮುಂದೆ ಸುಮಾರು ಮೂರು ತಿಂಗಳು ಕುಂತ. ಮರಾಠರ ಧನಾಜಿ ಜಾಧವ ನಾಯಕರ ನೆರವಿಗೆ ಬಂದ. ಕಡೆಗೆ ಜುಲ್ಫಿಕಾರ್ ಖಾನ್ ಬಂದ ಮೇಲೆ ಯುದ್ಧದ ದಿಕ್ಕು ಬದಲಾಯ್ತು. ಅವನು ಹಿಡಿದ ಮುಖ್ಯ ಜಾಗಗಳಲ್ಲಿ ಒಂದು, ಕೋಟೆಯವರು ನೀರು ಸೇದುತ್ತಿದ್ದ ಬಾವಿಗಳು. ಏಪ್ರಿಲ್ ಕೊನೆಗೆ ನಾಯಕ ಮತ್ತು ಅವನ ಜನ ರಾತ್ರೋರಾತ್ರಿ ಕೋಟೆ ಬಿಟ್ಟು ಹೋದರು. ಬಾದಶಹನಿಗೆ ಸಿಕ್ಕಿದ್ದು ಖಾಲಿ ಕೋಟೆ. ಅದಕ್ಕವನು ‘ರಹಮಾನ್ ಬಕ್ಷ್’ ಅಂತ ಹೆಸರಿಟ್ಟ. ಅದು ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ. 1707ರಲ್ಲಿ ತೀರಿಕೊಂಡ.

ಬಾವಿ ಹೋದರೆ ಕುಡಿಯೋಕೆ ನೀರಿಲ್ಲ ಅಂತ ಎಲ್ಲರೂ ಹೇಳ್ತಾರ. ಇಲ್ಲಿಂದ ಮುಂದೆ ನಾನು ಕಟ್ಟಿದ ಊಹೆ, ಹಂಗೇ ಓದಿಕೊಳ್ಳಿ: ನೀರೇ ಬಂದೂಕಿನ ದ್ರಾವಕ ಆಗಿದ್ದಾಗ, ಬಾವಿ ಹೋದ ದಿನ ಬಂದೂಕೂ ಬಾಯಾರಿತು. ಬೇಸಿಗೆಯ ಏಪ್ರಿಲ್, ನಮ್ಮ ಸೀಮೆಯ ಬಿಸಿಲು. ಇರೋ ಒಂದು ಕೊಡ ನೀರು ಮಕ್ಕಳಿಗೋ, ನಳಿಗೆಗೋ?

🔸 ಭಾಗ 4/5: ಅದೇ ಮಸಿ, 1857

ಎನ್‌ಫೀಲ್ಡ್ ರೈಫಲ್ಲಿನ ತೋಟಾಕ್ಕೆ ಕೊಬ್ಬು ಸವರಿದ್ದು ಯಾಕ? ಬಿಗಿಯಾದ ಗುಂಡು ಸಲೀಸಾಗಿ ಇಳೀಲಿ, ಒಳಗಿನ ಮಸಿ ಮೆತ್ತಗಿರಲಿ ಅಂತ. ಆ ಕೊಬ್ಬು ದನದ್ದೋ ಹಂದಿಯದ್ದೋ ಎಂಬ ಸುದ್ದಿ ಸಿಪಾಯಿಗಳನ್ನ ಕೆರಳಿಸಿತು. ಆಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯೋಕೆ ಹೊರಟಾಗ, 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪಲಿಲ್ಲ. ಹಲವರು ಗಲ್ಲಿಗೇರಿದರು. 1858ರ ಫೆಬ್ರುವರಿಯಲ್ಲಿ ನಮ್ಮ ಸುರಪುರ. ರಾಜಾ ವೆಂಕಟಪ್ಪ ನಾಯಕ ಸೆರೆಯಾದ. ಚೆಂಗಲ್ಪಟ್ಟಿಗೆ ಸಾಗಿಸುವ ದಾರಿಯಲ್ಲಿ ರಿವಾಲ್ವರಿನ ಗುಂಡಿಗೆ ಬಲಿಯಾದ.

ಬಂದೂಕು ಹೋದ ಮೇಲೆ ತೊಳೆಯುವ ವಿದ್ಯೆಯೂ ಹೋಯ್ತು. ಅಷ್ಟರೊಳಗೆ ಮದ್ದೂ ಬದಲಾಯ್ತು. 1880ರ ದಶಕದಲ್ಲಿ ಹೊಗೆರಹಿತ ಮದ್ದು ಬಂತು. ಅದರ ಮಸಿ ನೀರಿಗೆ ಜಗ್ಗಲ್ಲ, ಅದಕ್ಕೆ ಚಿಮಣಿ ಎಣ್ಣೆಯಂಥ ದ್ರಾವಕ ಬೇಕು. ಗುಂಡಿನ ಹೊದಿಕೆಯ ತಾಮ್ರ ನಳಿಗೆಗೆ ಅಂಟಿದರೆ ಅಮೋನಿಯಾ ಬೇಕು. ತಾಮ್ರ ಕರಗಿದಾಗ ಬಟ್ಟೆ ನೀಲಿಯಾಗ್ತದ. ಅಮೆರಿಕದಲ್ಲಿ ‘ಹೋಪ್ಸ್ ನಂಬರ್ 9’ ಎಂಬ ಸಿದ್ಧ ದ್ರಾವಕ 1903ರಲ್ಲೇ ಬಂತು. ಆದರೆ ಆ ಕಾಲದ ತೋಟಾದ ಕಿಡಿಮದ್ದು ಮತ್ತೆ ಉಪ್ಪನ್ನೇ ಉಳಿಸ್ತಿತ್ತು. ಹಂಗಾಗಿ ಬ್ರಿಟಿಷ್ ಸೈನಿಕರು .303 ರೈಫಲ್ಲಿನ ನಳಿಗೆಗೆ ಕುದಿಯುವ ನೀರು ಸುರೀತಿದ್ದರು. ಸುತ್ತಿ ಬಳಸಿ ಮತ್ತೆ ನೀರೇ!

ಅಮೋನಿಯಾದ ಇನ್ನೊಂದು ಕತೆ. ಬ್ರಿಟಿಷ್ ಇಂಡಿಯಾದಲ್ಲಿ ಮಳೆಗಾಲದಾಗ ಕುದುರೆ ಲಾಯದ ಬಳಿ ಇಟ್ಟ ಹಿತ್ತಾಳೆ ತೋಟಾಗಳು ತಮ್ಮಷ್ಟಕ್ಕೆ ಸೀಳ್ತಿದ್ದವು. ಕಾರಣ, ಕುದುರೆ ಮೂತ್ರದಿಂದ ಏಳುವ ಅಮೋನಿಯಾ. ಒಂದು ಲೋಹಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಯಾವ ಕೊಳೆ, ಯಾವ ಲೋಹ ಅಂತ ಮೊದಲು ಕೇಳಬೇಕು. ದ್ರಾವಕದ ಆಯ್ಕೆ ಅಂದ್ರ ಇಷ್ಟೇ.

🔸 ಭಾಗ 5/5: ನನ್ನ ತಪ್ಪು

ಇಷ್ಟೆಲ್ಲಾ ಯಾಕ ಓದಿದೆ ಅಂದ್ರ, ಒಂದು ದಸರೆಗೆ ಆಯುಧಪೂಜೆ ಅಂತ ಅಜ್ಜಿ ಮನೆಯ ಹಳೇ ಕತ್ತಿಯನ್ನ ಲಿಂಬಿಹಣ್ಣು, ಮರಳು ಹಾಕಿ ತಿಕ್ಕಿದೆ. ಫಳಫಳ ಹೊಳೀತು. ಫೋಟೋನೂ ಹಾಕಿದೆ, ಲೈಕೂ ಬಂದವು. ಎರಡು ದಿನದಾಗ ಕೆಂಪಗೆ ತುಕ್ಕು. ಹುಳಿಯನ್ನ ನಾನು ಸರಿಯಾಗಿ ತೊಳೆದು ಒಣಗಿಸಿರಲಿಲ್ಲ. ಅದು ಹೋಗಲಿ, ಹಿಡಿಯ ಹತ್ತಿರ ಸಣ್ಣ ಅಕ್ಷರ ಇದ್ದವು. "ಅದರಾಗ ಏನೋ ಬರದಿತ್ತಲ್ಲೋ ತಮ್ಮಾ" ಅಂದಳು ಅಜ್ಜಿ. ಈಗ ಇಲ್ಲ. ಏನು ಬರೆದಿತ್ತು ಅಂತ ಓದಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಅದಕ್ಕೇ ಹೇಳ್ತೀನಿ. ಯಾದಗಿರಿ ಕೋಟೆಯ ತೋಪಿನ ಮೇಲೆ ಹೆಸರು ಕೆತ್ತಬೇಡಿ, ಹೊಳೆಸೋಕೂ ಹೋಗಬೇಡಿ. ಶಹಾಪುರದ ಬೆಟ್ಟದಾಗೋ ಹೊಲದಾಗೋ ಹಳೇದೇನಾದ್ರೂ ಸಿಕ್ಕರೆ ತಿಕ್ಕದೆ, ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಹಳೇ ಬಂದೂಕಾದರೆ ಮುಟ್ಟಲೇಬೇಡಿ, ಒಳಗೆ ಮದ್ದು ಇರಬಹುದು, ಪೊಲೀಸರಿಗೆ ಹೇಳಿ. ಪೆಟ್ರೋಲಿನಿಂದ ಏನನ್ನೂ ತೊಳೀಬೇಡಿ, ಅದರ ಆವಿಗೆ ಒಂದು ಕಿಡಿ ಸಾಕು.

ತುಕ್ಕು ಕಬ್ಬಿಣವನ್ನ ನಿಧಾನಕ್ಕೆ ತಿಂತದ. ನಾವು ಒಂದೇ ಮಧ್ಯಾಹ್ನದಾಗ ಮುಗಿಸ್ತೀವಿ.

ನಿಮ್ಮ ಮನೆಯಲ್ಲಿ ಆಯುಧಪೂಜೆಗೆ ಏನು ಇಡ್ತೀರಿ? ಯಾವುದರಿಂದ ಒರೆಸ್ತೀರಿ? ಅಜ್ಜ ಅಜ್ಜಿಯನ್ನ ಕೇಳಿ ಕೆಳಗೆ ಬರೀರಿ.

#ಸುರಪುರ #ವಾಗಣಗೇರಾ #ಯಾದಗಿರಿ #ಶಹಾಪುರ #ನಮ್ಮೂರ_ಇತಿಹಾಸ