ಮೇಷಶೃಂಗಿಯಿಂದ ಮಧುನಾಶಿನಿಗೆ: ಒಂದು ಔಷಧನಾಮದ ಮುಂಬಯಿ ಚರಿತ್ರೆ

ಮುಂಬಯಿ ಮಹಾನಗರದಲ್ಲಿಯೂ ಅದರ ಉಪನಗರಗಳಲ್ಲಿಯೂ ನೆಲೆಸಿರುವ ಕನ್ನಡಿಗರಲ್ಲಿ, ರಕ್ತದ ಸಕ್ಕರೆ ಮಧುಮೇಹದ ಮಟ್ಟವನ್ನು ಮುಟ್ಟದಿದ್ದರೂ ಸಹಜದ ಮೇರೆಯನ್ನು ಮೀರಿದೆಯೆಂದು ತಿಳಿದೊಡನೆ ಮಧುನಾಶಿನಿಯ ಪುಡಿಯನ್ನು ಅರಸುವವರುಂಟು. ಕೊಲೆಸ್ಟರಾಲ್ ಹೆಚ್ಚಿದ್ದರೆ ಗುಗ್ಗುಳದ ಗುಳಿಗೆಯೂ ಜೊತೆಗೂಡುತ್ತದೆ. ಇವೆರಡಕ್ಕೂ ಸಾವಿರಾರು ವರ್ಷಗಳ ಶಾಸ್ತ್ರಾಧಾರವಿದೆಯೆಂಬುದು ಇಂಥವರ ಸಾಮಾನ್ಯ ನಂಬಿಕೆ. ಈ ನಂಬಿಕೆ ರೂಪುಗೊಂಡ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದ ವೈದ್ಯಸಾಹಿತ್ಯವು ಅಲ್ಪವಾದುದಲ್ಲ. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದನ ಗ್ರಂಥವನ್ನು 'ಕರ್ಣಾಟಕ ಕಲ್ಯಾಣಕಾರಕ'ವಾಗಿ ಕನ್ನಡಕ್ಕೆ ತಂದನು. 14ನೆಯ ಶತಮಾನದ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಚಿಕಿತ್ಸೆಯನ್ನು ನಿರೂಪಿಸಿದನು. ಇಂತಹ ಗ್ರಂಥಗಳನ್ನು ಓದುವಾಗ ಎರಡು ಎಚ್ಚರಗಳು ಅವಶ್ಯ. ಮೊದಲನೆಯದು, ಪ್ರಾಚೀನರು 'ಪ್ರಮೇಹ'ವೆಂದು ಕರೆದುದು ಇಪ್ಪತ್ತು ಬಗೆಯ ಮೂತ್ರವಿಕಾರಗಳ ಸಮೂಹವನ್ನು; ಮಧುಮೇಹವು ಅವುಗಳಲ್ಲಿ ಒಂದು ಮಾತ್ರ. ರಕ್ತದ ಸಕ್ಕರೆಯನ್ನು ಅಳೆಯುವ ಸಾಧನವಿಲ್ಲದ ಕಾಲದಲ್ಲಿ ಮಧುಮೇಹಪೂರ್ವ ಸ್ಥಿತಿಯೆಂಬ ಕಲ್ಪನೆಯೇ ಸಾಧ್ಯವಿರಲಿಲ್ಲ. ಉಪವಾಸದ ಸಕ್ಕರೆ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಎಂಬ ಅಮೆರಿಕದ ಮಾನದಂಡವು 2003ರದು. ಎರಡನೆಯದು, ಸಸ್ಯನಾಮಗಳ ಅನಿಶ್ಚಿತತೆ.

ಸುಶ್ರುತಸಂಹಿತೆಯ ಸಾಲಸಾರಾದಿ ಗಣವು ಮೇಹವನ್ನು ಹೋಗಲಾಡಿಸುವುದೆಂದೂ ಮೇದಸ್ಸನ್ನು ಒಣಗಿಸುವುದೆಂದೂ ಹೇಳಲಾಗಿದ್ದು, ಅದರಲ್ಲಿ 'ಮೇಷಶೃಂಗಿ'ಯ ಹೆಸರಿದೆ. ಇಂದು ಮೇಷಶೃಂಗಿಯೆಂದರೆ ಮಧುನಾಶಿನಿ, ಸಸ್ಯಶಾಸ್ತ್ರಜ್ಞರ ಜಿಮ್ನೆಮಾ ಸಿಲ್ವೆಸ್ಟ್ರೆ, ಎಂದು ಸಾಮಾನ್ಯವಾಗಿ ಗ್ರಹಿಸಲಾಗುತ್ತದೆ. ಆದರೆ ಆ ಗಣದಲ್ಲಿ ಅದರ ನೆರೆಯಲ್ಲಿರುವವು ಸಾಲ, ಖದಿರ, ಚಂದನಗಳಂತಹ ಚೇಗುಳ್ಳ ಮರಗಳು. ಅವುಗಳ ನಡುವೆ ಒಂದು ತೆಳು ಬಳ್ಳಿಗೆ ಸ್ಥಾನವೆಲ್ಲಿಯದು? ಅಲ್ಲಿಯ ಮೇಷಶೃಂಗಿ ಬೇರೊಂದು ಮರವಾಗಿರಬೇಕೆಂಬ ಪಕ್ಷವು ಬಲವಾದುದು.

ಈ ಬಳ್ಳಿಯ ಆಧುನಿಕ ಖ್ಯಾತಿಯು ಆರಂಭವಾದುದು ನಾಲಗೆಯಿಂದ. ಎಲೆಯನ್ನು ಅಗಿದರೆ ಸಿಹಿಯ ರುಚಿ ತಾತ್ಕಾಲಿಕವಾಗಿ ಅಳಿಯುವುದನ್ನು 1847ರ ಸುಮಾರಿಗೆ ಎಜ್‌ವರ್ತ್ ಎಂಬ ಅಧಿಕಾರಿ ಲಂಡನ್ನಿನ ಲಿನಿಯನ್ ಸಂಘಕ್ಕೆ ತಿಳಿಸಿದನು. 1887ರಲ್ಲಿ ಡೇವಿಡ್ ಹೂಪರ್ ಇದಕ್ಕೆ ಕಾರಣವಾದ ಜಿಮ್ನೆಮಿಕ್ ಆಮ್ಲವನ್ನು ಬೇರ್ಪಡಿಸಿದನು. ಮುಂಬಯಿಯ ವಿಲಿಯಂ ಡೈಮಾಕ್, ಹೂಪರ್ ಮತ್ತು ವಾರ್ಡನ್ ಕೂಡಿ 1890ರಿಂದ 1893ರವರೆಗೆ ಪ್ರಕಟಿಸಿದ 'ಫಾರ್ಮಕೋಗ್ರಾಫಿಯಾ ಇಂಡಿಕಾ'ದಲ್ಲಿ ದೇಶಭಾಷೆಗಳ ಸಸ್ಯನಾಮಗಳೂ ಸೇರಿದವು. ಉತ್ತರ ಕನ್ನಡ ಜಿಲ್ಲೆಯು 1862ರಿಂದ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಆ ನಗರದ ಸಸ್ಯಾಧ್ಯಯನಕ್ಕೂ ಕನ್ನಡ ನೆಲಕ್ಕೂ ಇದ್ದ ಸಂಬಂಧವು ಆಡಳಿತಾತ್ಮಕವೂ ಆಗಿತ್ತು. ನಮ್ಮ ಹಳ್ಳಿಗಳ 'ಸಣ್ಣಗೆರಸೆ ಹಂಬು' ಎಂಬ ಹೆಸರು ಸಕ್ಕರೆಯ ಸುದ್ದಿಯನ್ನೇ ಎತ್ತುವುದಿಲ್ಲ. 'ಮಧುನಾಶಿನಿ', ಹಿಂದಿಯ 'ಗುಡ್‌ಮಾರ್' ಎಂಬ ಹೆಸರುಗಳಾದರೋ ಸಿಹಿಯನ್ನು ಕೊಲ್ಲುವುದೆಂದು ಸಾರುತ್ತವೆ. ನಾಲಗೆಯ ಸಿಹಿಯನ್ನು ಅಳಿಸುವುದು ರಕ್ತದ ಸಿಹಿಯನ್ನೂ ಅಳಿಸೀತೆಂಬ ಊಹೆ ಇಲ್ಲಿ ಅಡಗಿದೆ. ಉಪಮೆಯು ಪ್ರಮಾಣದ ಪೀಠವನ್ನೇರಿದ ಸಂದರ್ಭವಿದು.

ಈ ಊಹೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಮುಂಬಯಿಯವರು ಪ್ರಮುಖರು. ಕಲಕತ್ತೆಯಲ್ಲಿ ಆರ್. ಎನ್. ಚೋಪ್ರಾ ಮತ್ತು ಸಂಗಡಿಗರು 1928ರಲ್ಲಿ ರೋಗಿಗಳಿಗೆ ಎಲೆಯನ್ನು ಕೊಟ್ಟು ನೋಡಿ ಗಣನೀಯ ಪರಿಣಾಮವನ್ನು ಕಾಣಲಿಲ್ಲ. ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಮ್ಹಸ್ಕರ್ ಮತ್ತು ಜೆಸ್ಯುಯಿಟ್ ಪಾದ್ರಿ ಕೇಯಸ್ 1930ರಲ್ಲಿ ಪ್ರಕಟಿಸಿದ ಪ್ರಬಂಧವು, ಪ್ರಾಣಿಗಳಲ್ಲಿ ಸಕ್ಕರೆ ಇಳಿಯುವುದೆಂದೂ ಅದು ಇನ್ಸುಲಿನ್ ಸ್ರಾವದ ಪ್ರಚೋದನೆಯಿಂದ ಪರೋಕ್ಷವಾಗಿ ಆಗಿರಬಹುದೆಂದೂ ತಿಳಿಸಿತು. ಇವರಿಬ್ಬರೂ ದೇಶೀಯ ಸಸ್ಯಗಳ ಕುರುಡು ಪಕ್ಷಪಾತಿಗಳಲ್ಲ. ಹಾವಿನ ವಿಷಕ್ಕೆ ಮದ್ದೆನಿಸಿದ ನೂರಾರು ಸಸ್ಯಗಳನ್ನು ಪರೀಕ್ಷಿಸಿ ಅವು ನಿಷ್ಫಲವೆಂದು 1931ರಲ್ಲಿ ಸಾರಿದವರೂ ಅವರೇ. 1990ರಲ್ಲಿ ಮದ್ರಾಸಿನ ಸಂಶೋಧಕರು ಎಲೆಯ ಸಾರದಿಂದ ರೋಗಿಗಳಲ್ಲಿ ಸಕ್ಕರೆ ಇಳಿದುದನ್ನು ವರದಿ ಮಾಡಿದರು. ಆದರೆ ಅವರು ಪ್ರಕಟಿಸಿದ ಎರಡನೆಯ ಬಗೆಯ ಮಧುಮೇಹದ ಅಧ್ಯಯನದಲ್ಲಿ ಆ ಸಾರವನ್ನು ಸೇವಿಸಿದವರು 22 ಜನ ಮಾತ್ರ. ಹುಸಿಮದ್ದಿನೊಡನೆ ಹೋಲಿಕೆಯನ್ನೂ ಮಾಡಿರಲಿಲ್ಲ.

ಗುಗ್ಗುಳದ ಕಥೆ ಇನ್ನೂ ಬೋಧಪ್ರದ. ಸುಶ್ರುತನ ಮೇದೋರೋಗದ ವಿವರಣೆಯನ್ನು ಆಧರಿಸಿ ಜಿ. ವಿ. ಸತ್ಯವತಿ 1966ರಲ್ಲಿ ಬನಾರಸಿನಲ್ಲಿ ಮೊಲಗಳ ಮೇಲೆ ಪ್ರಯೋಗ ನಡೆಸಿದರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯವು ಬೆಳೆಸಿದ ಗುಗ್ಗುಲಿಪಿಡ್ 1980ರ ದಶಕದಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಬಂದಿತು. 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ನಡೆದ ಹೋಲಿಕೆಯ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯುವುದರ ಬದಲು ತುಸು ಏರಿತು. ಮೇದಸ್ಸು ಮತ್ತು ಕೊಲೆಸ್ಟರಾಲ್ ಒಂದೇ ಎಂದು ಭಾವಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದು ನಿದರ್ಶನ.

ಇದರಿಂದ ಪ್ರಾಚೀನ ಗ್ರಂಥಗಳು ನಿರರ್ಥಕವೆಂದು ತೀರ್ಮಾನಿಸುವುದು ಸರಿಯಾಗದು. ಅವು ಪರೀಕ್ಷಿಸಬೇಕಾದ ಪ್ರಶ್ನೆಗಳನ್ನು ಒದಗಿಸುತ್ತವೆ, ಉತ್ತರಕ್ಕೆ ಮುದ್ರೆಯೊತ್ತುವುದಿಲ್ಲ. ಮಧುಮೇಹಪೂರ್ವ ಸ್ಥಿತಿಯಲ್ಲಿ ಮಿತಾಹಾರ ಮತ್ತು ನಡಿಗೆಯ ಪ್ರಯೋಜನಕ್ಕೆ ಗಟ್ಟಿಯಾದ ಆಧಾರವಿದೆ: 2006ರಲ್ಲಿ ಪ್ರಕಟವಾದ, 531 ಜನರನ್ನೊಳಗೊಂಡ ಭಾರತೀಯ ಅಧ್ಯಯನವೊಂದರಲ್ಲಿ ಜೀವನಕ್ರಮದ ಬದಲಾವಣೆಯಿಂದ ಮಧುಮೇಹದ ಸಂಭವವು ಶೇ. 28.5ರಷ್ಟು ತಗ್ಗಿತು. ಪ್ರಮೇಹಿಗೆ ವ್ಯಾಯಾಮವನ್ನೂ ದೂರದ ನಡಿಗೆಯನ್ನೂ ಸುಶ್ರುತನೂ ವಿಧಿಸಿದ್ದಾನೆ. ಶಾಸ್ತ್ರದ ಹೆಸರಿನಲ್ಲಿ ಪುಡಿಯನ್ನು ಕೊಳ್ಳುವವರು ಅದೇ ಶಾಸ್ತ್ರದ ಈ ಮಾತನ್ನು ಮರೆಯುತ್ತಾರೆ. ವೈದ್ಯರು ಕೊಟ್ಟ ಮದ್ದನ್ನು ನಿಲ್ಲಿಸಿ ಹೆಸರಿನ ಬಲವನ್ನೇ ನಂಬಿದವನಿಗೆ ಹಾನಿ ತಪ್ಪದು. ಆದುದರಿಂದ ಕನ್ನಡ ವೈದ್ಯಗ್ರಂಥಗಳ ಸಸ್ಯನಾಮಗಳನ್ನು ಹಸ್ತಪ್ರತಿಗಳ ಪಾಠಾಂತರಗಳೊಡನೆಯೂ ಸಸ್ಯಶಾಸ್ತ್ರಜ್ಞರ ಸಹಕಾರದೊಡನೆಯೂ ಮರಳಿ ಪರಿಶೀಲಿಸುವುದು ಕೇವಲ ಭಾಷಾಶಾಸ್ತ್ರದ ಕೆಲಸವಲ್ಲ. ಜನರ ಆರೋಗ್ಯಕ್ಕೂ ಸಂಬಂಧಿಸಿದ ಹೊಣೆಗಾರಿಕೆ.