ಮಾತಿನ ಮೇಲೆ ಅಂಕುಶ: ಯಾರದು, ಎಷ್ಟು?



ನಮ್ಮ ಊರುಗಳಲ್ಲಿ ಹಿಂದೆ ಸುದ್ದಿ ತಿಳಿಸಲು ಡಂಗುರ ಸಾರುತ್ತಿದ್ದರು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಿಮಗೆ ಅದು ದವಂಡಿ ಎಂದರೆ ಬೇಗ ತಿಳಿದೀತು. ಹಲಗೆ ಬಡಿಯುವವನು ತನ್ನ ಮನಸ್ಸಿಗೆ ಬಂದದ್ದನ್ನು ಸಾರುವಂತಿರಲಿಲ್ಲ. ಗೌಡರೋ ಪಾಟೀಲರೋ ಹೇಳಿದ್ದನ್ನಷ್ಟೇ ಸಾರಬೇಕಿತ್ತು. ಸಾರಿದ್ದು ಸುಳ್ಳಾದರೆ ಯಾರ ಮನೆಯ ಕಟ್ಟೆಗೆ ಹೋಗಿ ಕೇಳಬೇಕೆಂಬುದು ಊರಿಗೆಲ್ಲ ಗೊತ್ತಿತ್ತು. ಇಂದು ಹಲಗೆ ನಿಮ್ಮ ಅಂಗಿಯ ಕಿಸೆಯಲ್ಲೇ ಇದೆ. ಯಾರು ಬಡಿಯುತ್ತಿದ್ದಾರೆ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

2018ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ತಿಂಗಳ ಮೊದಲನೆಯ ದಿನ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ ಐದು ಜನರನ್ನು ಹೊಡೆದು ಕೊಂದರು. ಅವರು ಯಾರು? ಹೆಚ್ಚಿನವರು ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಕಲಚುರಿ ಬಿಜ್ಜಳನ ಮಂಗಳವಾಡ ಎಂದು ನಾವು ಶಾಲೆಯಲ್ಲಿ ಓದಿದ ಊರಿನ ಸೀಮೆಯವರು. ಭಿಕ್ಷೆ ಬೇಡಿ ಬದುಕುವ ನಾಥಪಂಥದ ಡವರಿ ಗೋಸಾವಿ ಜನ. ಸಂತೆಯ ದಿನ ಒಂದು ಮಗುವನ್ನು ಮಾತಾಡಿಸಿದ್ದೇ ಅವರ ತಪ್ಪಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಅದಾಗಲೇ ಆ ಸೀಮೆಯಲ್ಲೆಲ್ಲ ಹರಡಿತ್ತು. ಎರಡು ವಾರ ಕಳೆಯುವುದರೊಳಗೆ, ಎರಡು ರಾಜ್ಯಗಳ ಗಡಿ ತಾಗಿರುವ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ಘಟನೆ ನಡೆಯಿತು. ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದವರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಗುಂಪಿನಿಂದ ಗುಂಪಿಗೆ ಸುದ್ದಿ ಹೋಯಿತು, ಮುಂದಿನ ಊರಿನಲ್ಲಿ ಅವರ ಕಾರಿಗೆ ಅಡ್ಡಗಟ್ಟಿದರು. ಒಬ್ಬ ಯುವಕನ ಪ್ರಾಣ ಹೋಯಿತು.

ಆ ದಿನಗಳಲ್ಲಿ ಎಲ್ಲರ ಮೊಬೈಲಿಗೂ ಬಂದಿದ್ದ ಒಂದು ವಿಡಿಯೋ ನೀವೂ ನೋಡಿರಬಹುದು. ಮೋಟಾರು ಸೈಕಲ್ಲಿನಲ್ಲಿ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಮ್ಮ ದೇಶದ್ದೇ ಅಲ್ಲ. ಮಕ್ಕಳ ರಕ್ಷಣೆಯ ಬಗ್ಗೆ ಜನರನ್ನು ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಚಿತ್ರ. ಕೊನೆಯಲ್ಲಿ ಆ ಇಬ್ಬರೇ ಮಗುವನ್ನು ಮರಳಿ ತಂದುಬಿಡುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಉಳಿದದ್ದನ್ನು ಹರಿಯಬಿಟ್ಟರು.

ಇಂಥದನ್ನು ಕೇಳಿದಾಗ ಯಾರಿಗೂ ಮೊದಲು ಬರುವ ಮಾತು ಒಂದೇ: ಸರಕಾರ ಏನು ಮಾಡುತ್ತಿದೆ? ಈ ಕಂಪನಿಗಳಿಗೆ ಮೂಗುದಾರ ಹಾಕಬಾರದೇ? ನನ್ನ ಬಾಯಲ್ಲೂ ಅದೇ ಮಾತು ಬಂದಿತ್ತು. ಆದರೆ ಮೂಗುದಾರದ ಹಗ್ಗ ಹಿಡಿಯುವವರು ಯಾರು, ಹಿಂದೆ ಅದನ್ನು ಹೇಗೆ ಎಳೆದರು ಎಂಬ ಇತಿಹಾಸ ನಮ್ಮಂಥ ಗಡಿಯವರಿಗೆ ಉಳಿದವರಿಗಿಂತ ಹೆಚ್ಚು ಗೊತ್ತಿರಬೇಕು. ಏಕೆಂದರೆ ಮಾತಿನ ಕಾಯಿದೆಗಳು ನಮ್ಮ ಹೊಲದ ಬದುವಿನ ಮೇಲೆಯೇ ಬದಲಾಗುತ್ತ ಬಂದಿವೆ.

1878ಕ್ಕೆ ಹೋಗೋಣ. ಆಗ ವೈಸರಾಯ್ ಆಗಿದ್ದವನು ಲಿಟನ್. ಆ ವರ್ಷದ ಮಾರ್ಚ್ 14ರಂದು ದೇಶಭಾಷಾ ಪತ್ರಿಕೆಗಳ ಕಾಯಿದೆ ಜಾರಿಗೆ ಬಂತು. ಹೆಸರೇ ಹೇಳುವಂತೆ ಅದು ಇಂಗ್ಲಿಷ್ ಪತ್ರಿಕೆಗಳಿಗೆ ಅನ್ವಯಿಸುತ್ತಿರಲಿಲ್ಲ, ದೇಶಭಾಷೆಗಳಿಗೆ ಮಾತ್ರ. ಪತ್ರಿಕೆಯ ಮುದ್ರಕನನ್ನು ಮ್ಯಾಜಿಸ್ಟ್ರೇಟ್ ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳಬಹುದು, ಠೇವಣಿ ಇಡಿಸಬಹುದು. ಬರೆದದ್ದು ಸರಕಾರಕ್ಕೆ ಸೇರದಿದ್ದರೆ ಠೇವಣಿ ಹೋಯಿತು, ಅಚ್ಚಿನ ಯಂತ್ರವೂ ಹೋಗಬಹುದು. ನ್ಯಾಯಾಲಯಕ್ಕೆ ಅಪೀಲು ಇಲ್ಲ. ಇದೆಲ್ಲ ಬೇಡವಾದರೆ ಅಚ್ಚಿಗೆ ಮೊದಲೇ ಕರಡನ್ನು ಸರಕಾರಕ್ಕೆ ತೋರಿಸಬೇಕು. ಬಂಗಾಳದ ಅಮೃತ ಬಜಾರ್ ಪತ್ರಿಕೆಯವರು ಜಾಣರು. ಬೆಳಗಾಗುವುದರೊಳಗೆ ಬಂಗಾಳಿಯನ್ನು ಬಿಟ್ಟು ಇಂಗ್ಲಿಷ್ ಪತ್ರಿಕೆಯಾಗಿಬಿಟ್ಟರು! ಕಾಯಿದೆಯ ಕೈಗೆ ಸಿಗಲಿಲ್ಲ.

ಈ ಕಾಯಿದೆಗೆ ಇನ್ನೊಂದು ವಿಚಿತ್ರವಿತ್ತು. ಮದ್ರಾಸ್ ಪ್ರಾಂತ್ಯಕ್ಕೆ ಅದು ಅನ್ವಯಿಸಲಿಲ್ಲ. ಹಾಗಾಗಿ ಮುಂಬಯಿ ಪ್ರಾಂತ್ಯದ ಸೊಲ್ಲಾಪುರದಲ್ಲಿ ಕನ್ನಡವನ್ನೋ ಮರಾಠಿಯನ್ನೋ ಅಚ್ಚು ಹಾಕುವವನಿಗೆ ಮುಚ್ಚಳಿಕೆಯ ಭಯ. ಮದ್ರಾಸಿನ ಆಡಳಿತದಲ್ಲಿದ್ದ ಕಾಸರಗೋಡು, ಆದವಾನಿ, ಹೊಸೂರಿನವನಿಗೆ ಆ ಭಯವಿಲ್ಲ. 1882ರಲ್ಲಿ ರಿಪನ್ ಈ ಕಾಯಿದೆಯನ್ನು ತೆಗೆದುಹಾಕಿದ. ಕಾಯಿದೆ ಹೋದರೂ ಕಣ್ಣು ಹೋಗಲಿಲ್ಲ. ಪ್ರಾಂತ ಸರಕಾರಗಳು ದೇಶಭಾಷೆಯ ಪತ್ರಿಕೆಗಳನ್ನೆಲ್ಲ ಓದಿಸಿ, ಸಾರಾಂಶವನ್ನು ಇಂಗ್ಲಿಷಿಗೆ ಬರೆಸಿ, ಗುಪ್ತ ವರದಿಗಳನ್ನು ಸಿದ್ಧಪಡಿಸುತ್ತಿದ್ದವು. ಕನ್ನಡ ಪತ್ರಿಕೆಗಳೂ ಅದರಲ್ಲಿದ್ದವು. ಇಂದು ಇತಿಹಾಸ ಬರೆಯುವವರಿಗೆ ಅವೇ ಒಳ್ಳೆಯ ಆಕರಗಳಾಗಿವೆ ಎಂಬುದು ಬೇರೆ ಮಾತು.

ಅನುವಾದದ ಸಂಗತಿ ಬಂತೆಂದು ಹೇಳುತ್ತೇನೆ. 1908ರಲ್ಲಿ ತಿಲಕರ ಮೇಲೆ ಕೇಸರಿಯ ಲೇಖನಗಳಿಗಾಗಿ ರಾಜದ್ರೋಹದ ಮೊಕದ್ದಮೆ ನಡೆಯಿತು. ಲೇಖನಗಳು ಮರಾಠಿ. ಒಂಬತ್ತು ಜನ ಜ್ಯೂರಿಗಳಲ್ಲಿ ಏಳು ಜನ ಯುರೋಪಿಯನ್ನರು. ಸರಕಾರಿ ಅನುವಾದದಲ್ಲಿ ನನ್ನ ಮಾತಿನ ಅರ್ಥವೇ ಕೆಟ್ಟಿದೆ ಎಂದು ತಿಲಕರು ದಿನಗಟ್ಟಲೆ ವಾದಿಸಿದರು. ಏಳು ಜನ ಅಪರಾಧಿ ಎಂದರು, ಇಬ್ಬರು ಅಲ್ಲವೆಂದರು. ಆರು ವರ್ಷ ಮಂಡಾಲೆ. ಮರಾಠಿಯ ಒಂದು ಪದಕ್ಕೂ ಕನ್ನಡದ ಅದೇ ಪದಕ್ಕೂ ಅರ್ಥ ಎಷ್ಟು ಬೇರೆಯಾಗುತ್ತದೆಂದು ಎರಡು ಭಾಷೆಗಳಲ್ಲಿ ಬದುಕುವ ನಿಮಗೆ ನಾನು ವಿವರಿಸಬೇಕಿಲ್ಲ. ಅದೇ 1908ರಲ್ಲಿ ಮೈಸೂರು ಸಂಸ್ಥಾನವೂ ಪತ್ರಿಕೆಗಳ ಮೇಲೆ ಕಾಯಿದೆ ತಂದಿತು. ತಾತಯ್ಯನೆಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂಕುಶ ಹಾಕುವುದರಲ್ಲಿ ನಮ್ಮವರು, ಪರರು ಎಂಬ ಭೇದವಿರಲಿಲ್ಲ.

ಸ್ವಾತಂತ್ರ್ಯ ಬಂತು. 1950ರ ಜನವರಿಯಲ್ಲಿ ಸಂವಿಧಾನ ಜಾರಿಗೆ ಬಂತು. 19ನೆಯ ವಿಧಿ ಪ್ರತಿ ನಾಗರಿಕನಿಗೂ ಮಾತಿನ ಹಕ್ಕನ್ನು ಕೊಟ್ಟಿತು. ಆ ಹಕ್ಕಿನ ಮೊದಲ ಪರೀಕ್ಷೆ ನಡೆದದ್ದು ರಾಜ್ಯಗಳ ಗಡಿಯ ಮೇಲೆ. ಮುಂಬಯಿಯಲ್ಲಿ ರೋಮೇಶ್ ಥಾಪರ್ ಎಂಬವರು ಕ್ರಾಸ್ ರೋಡ್ಸ್ ಎಂಬ ಇಂಗ್ಲಿಷ್ ವಾರಪತ್ರಿಕೆ ನಡೆಸುತ್ತಿದ್ದರು. ನೆಹರೂ ಸರಕಾರದ ಮೇಲೆ ಖಾರವಾಗಿ ಬರೆಯುತ್ತಿದ್ದರು. 1950ರ ಮಾರ್ಚಿಯಲ್ಲಿ ಮದ್ರಾಸ್ ಸರಕಾರ, ಸಾರ್ವಜನಿಕ ಶಾಂತಿಯ ಹೆಸರಿನಲ್ಲಿ, ಆ ಪತ್ರಿಕೆ ತನ್ನ ರಾಜ್ಯದೊಳಗೆ ಕಾಲಿಡಕೂಡದೆಂದು ಆಜ್ಞೆ ಹೊರಡಿಸಿತು. ಆಗಿನ ನಕಾಶೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕಾಸರಗೋಡು, ವಯನಾಡು, ನೀಲಗಿರಿ, ತಾಳವಾಡಿ, ಹೊಸೂರು, ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಮದ್ರಾಸಿಗೆ ಸೇರಿದ್ದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿಗೆ. ಅಂದರೆ ಸೊಲ್ಲಾಪುರ ಸ್ಟೇಷನ್ನಿನಲ್ಲಿ ಕೊಂಡು ರೈಲಿನಲ್ಲಿ ಓದುತ್ತ ಕೂತವನು ಆದವಾನಿಯಲ್ಲಿ ಇಳಿಯುವಾಗ ಅದೇ ಹಾಳೆ ನಿಷೇಧಿತ ವಸ್ತುವಾಗುತ್ತಿತ್ತು.

ಥಾಪರ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಮೇ 26ರಂದು ತೀರ್ಪು ಬಂತು. ರಾಷ್ಟ್ರದ ಭದ್ರತೆಗೆ ಧಕ್ಕೆ ಎಂಬುದು ಬೇರೆ, ಸಾಮಾನ್ಯ ಶಾಂತಿಪಾಲನೆ ಬೇರೆ. ಎರಡನೆಯದರ ಹೆಸರಿನಲ್ಲಿ ಪತ್ರಿಕೆಯನ್ನು ತಡೆಯಲು ಸಂವಿಧಾನದಲ್ಲಿ ಆಸ್ಪದವಿಲ್ಲ ಎಂದು ಪತಂಜಲಿ ಶಾಸ್ತ್ರಿಗಳು ಬರೆದರು. ಗೆದ್ದದ್ದು ಪತ್ರಿಕೆ. ಆದರೆ ಆ ಗೆಲುವು ಸುಮಾರು ಒಂದು ವರ್ಷ ಬಾಳಿತು, ಅಷ್ಟೇ. 1951ರ ಜೂನ್‌ನಲ್ಲಿ, ಮೊದಲ ಮಹಾಚುನಾವಣೆ ಆಗುವ ಮೊದಲೇ, ಸಂವಿಧಾನದ ಮೊದಲನೆಯ ತಿದ್ದುಪಡಿ ಬಂತು. ಸಾರ್ವಜನಿಕ ಸುವ್ಯವಸ್ಥೆ ಎಂಬ ಮಾತು 19ನೆಯ ವಿಧಿಯೊಳಗೆ ಸೇರಿತು. ಒಂದು ಸಮಾಧಾನವೆಂದರೆ, ನಿರ್ಬಂಧ ಯುಕ್ತವಾಗಿರಬೇಕು ಎಂಬ ಪದವೂ ಆಗಲೇ ಸೇರಿತು. ಯುಕ್ತವೋ ಅಲ್ಲವೋ ಎಂದು ತೂಗುವ ತಕ್ಕಡಿ ಅದರಿಂದಾಗಿ ನ್ಯಾಯಾಲಯದ ಕೈಯಲ್ಲಿ ಉಳಿಯಿತು. ಇಂದಿನ ವಾದಗಳೆಲ್ಲ ನಡೆಯುವುದು ಆ ಒಂದು ಪದದ ಮೇಲೆ.

1975ರ ತುರ್ತುಪರಿಸ್ಥಿತಿಯ ಸೆನ್ಸಾರ್ ನಿಮ್ಮಲ್ಲಿ ಹಿರಿಯರಿಗೆ ನೆನಪಿದೆ. ಅದನ್ನು ಮತ್ತೆ ಹೇಳುವುದಿಲ್ಲ. ರೇಡಿಯೋದ ಮಾತಂತೂ ಕೇಳುವುದೇ ಬೇಡ. ಸೆಟ್ಟು ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಕಟ್ಟಿದ ಕಾಲವನ್ನು ನಾವು ಕಂಡವರು.

ಇನ್ನು ಮೊಬೈಲಿಗೆ ಬರೋಣ. ಇಲ್ಲೊಂದು ಸ್ವಾರಸ್ಯವಿದೆ. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನ ಸಾವಿರಾರು ಸಂಖ್ಯೆಯಲ್ಲಿ ಗುವಾಹಾಟಿಯ ರೈಲು ಹತ್ತಿದರು. ತಮ್ಮ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್.ಎಂ.ಎಸ್. ಮೂಲಕ ಹರಡಿತ್ತು. ಕೇಂದ್ರ ಸರಕಾರ ಕೂಡಲೇ, ಹದಿನೈದು ದಿನಗಳ ಮಟ್ಟಿಗೆ, ಒಟ್ಟಿಗೆ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳಿಸಬಾರದೆಂದು ದೇಶಕ್ಕೆಲ್ಲ ಆಜ್ಞೆ ಮಾಡಿತು. ಆರು ವರ್ಷದ ಮೇಲೆ, ರಾಯಿನಪಾಡಾ, ಮುರ್ಕಿಗಳಾದ ಮೇಲೆ, ಸರಕಾರದ ಪತ್ರಗಳಿಗೆ ಮಣಿದು ವಾಟ್ಸಾಪ್ ಕಂಪನಿ ಒಂದು ಸಂದೇಶವನ್ನು ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಾಡಿತು. ಎರಡು ಸಲವೂ ಐದು! ಮೊದಲನೆಯದನ್ನು ಸರಕಾರ ಹೇಳಿತ್ತು. ಎರಡನೆಯದನ್ನು ಕಡಲಾಚೆಯ ಒಂದು ಕಂಪನಿ ತಾನೇ ತೀರ್ಮಾನಿಸಿತು. ಮೊದಲನೆಯದರ ಮೇಲೆ ನೀವು ಕೋರ್ಟಿಗೆ ಹೋಗಬಹುದಿತ್ತು, ಲೋಕಸಭೆಯಲ್ಲಿ ಪ್ರಶ್ನೆ ಕೇಳಿಸಬಹುದಿತ್ತು. ಎರಡನೆಯದರ ಬಗ್ಗೆ ಯಾರನ್ನು ಕೇಳುತ್ತೀರಿ?

ಆದ್ದರಿಂದ ಕಂಪನಿಗಳಿಗೆ ಕಾಯಿದೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ಅಂಕುಶ ಇಲ್ಲವೆಂಬುದು ಸುಳ್ಳು. ಅದು ಕಂಪನಿಯ ಕೈಯಲ್ಲಿರುತ್ತದೆ, ಅಷ್ಟೇ. ಚಿಕ್ಕ ಭಾಷೆಯವರಿಗೆ ಇದು ಇನ್ನೂ ಕಠಿಣ. ಬರ್ಮಾದಲ್ಲಿ, ಅಂದರೆ ಮ್ಯಾನ್ಮಾರಿನಲ್ಲಿ, ರೋಹಿಂಗ್ಯಾ ಜನರ ಮೇಲೆ ವಿಷ ಕಾರುವ ಬರಹಗಳು ಫೇಸ್‌ಬುಕ್ಕಿನಲ್ಲಿ ವರ್ಷಗಟ್ಟಲೆ ಉಳಿದವು. ಬರ್ಮೀ ಭಾಷೆ ಓದಿ ಪರಿಶೀಲಿಸುವವರು ಕಂಪನಿಯಲ್ಲಿ ಬೆರಳೆಣಿಕೆಯಷ್ಟಿದ್ದರು. ಸಾಕಷ್ಟು ಮಾಡಲಿಲ್ಲವೆಂದು 2018ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಬ್ರಿಟಿಷರ ಕಾಲದಲ್ಲಿ ನಮ್ಮ ಭಾಷೆಯನ್ನು ಅತಿಯಾಗಿ ಓದುತ್ತಿದ್ದರೆಂಬುದು ದೂರಾಗಿತ್ತು. ಈಗ ಓದುವವರೇ ಇಲ್ಲ ಎಂಬುದು ದೂರು.

ಹಾಗೆಂದು ಹಗ್ಗವನ್ನು ಪೂರ್ತಿ ಸರಕಾರದ ಕೈಗೆ ಕೊಟ್ಟಾಗ ಏನಾಯಿತು ನೋಡಿ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಲ್ಲಿ 66ಎ ಎಂಬ ಕಲಮು ಸೇರಿತು. ಕಿರಿಕಿರಿ, ಅನನುಕೂಲ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು. ಕಿರಿಕಿರಿ ಆಗದ ಮನುಷ್ಯ ಎಲ್ಲಿದ್ದಾನೆ? 2012ರಲ್ಲಿ ಬಾಳ್ ಠಾಕ್ರೆಯವರು ತೀರಿಕೊಂಡಾಗ ಮುಂಬಯಿ ಬಂದ್ ಆಗಿದ್ದನ್ನು ಪ್ರಶ್ನಿಸಿ ಪಾಲ್ಘರಿನ ಹುಡುಗಿಯೊಬ್ಬಳು ನಾಲ್ಕು ಸಾಲು ಬರೆದಳು, ಗೆಳತಿ ಅದನ್ನು ಮೆಚ್ಚಿದಳು. ಇಬ್ಬರನ್ನೂ ಬಂಧಿಸಿದರು. ಕಾನೂನು ಓದುತ್ತಿದ್ದ ಶ್ರೇಯಾ ಸಿಂಘಾಲ್ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ಆ ಕಲಮು ರದ್ದಾಯಿತು. ರದ್ದಾದ ಮೇಲೂ ಪೊಲೀಸ್ ಠಾಣೆಗಳಲ್ಲಿ ಅದೇ ಕಲಮಿನ ಮೇಲೆ ಕೇಸು ಹಾಕುತ್ತಲೇ ಇದ್ದರು! 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಎಲ್ಲ ರಾಜ್ಯಗಳಿಗೂ ತಾಕೀತು ಮಾಡಬೇಕಾಯಿತು. ಸತ್ತ ಕಾಯಿದೆಯೂ ಹಳ್ಳಿಯವನನ್ನು ಠಾಣೆಗೆ ಎಳೆಯಬಲ್ಲದು.

2021ರ ಫೆಬ್ರವರಿಯಲ್ಲಿ ಹೊಸ ನಿಯಮಗಳು ಬಂದವು. ಐವತ್ತು ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಕಂಪನಿ ಈ ದೇಶದಲ್ಲೇ ದೂರು ಕೇಳುವ ಅಧಿಕಾರಿಯನ್ನು ಇಡಬೇಕು. ಇದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆದರೆ 2023ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಕೇಂದ್ರ ಸರಕಾರದ ಕೆಲಸಕಾರ್ಯಗಳ ಬಗ್ಗೆ ಯಾವ ಸುದ್ದಿ ಸುಳ್ಳು ಎಂದು ಸರಕಾರದ್ದೇ ಒಂದು ಘಟಕ ತೀರ್ಮಾನಿಸುವುದು! ಮುಂಬಯಿ ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೆ ಭಿನ್ನಾಭಿಪ್ರಾಯ ಬಂದು, ಮೂರನೆಯವರ ಅಭಿಪ್ರಾಯದಿಂದ 2024ರ ಸೆಪ್ಟೆಂಬರಿನಲ್ಲಿ ಅದು ಬಿದ್ದುಹೋಯಿತು. ತನ್ನ ಮೇಲಿನ ದೂರಿಗೆ ತಾನೇ ಪಂಚನಾಗುವುದನ್ನು ನಮ್ಮ ಚಾವಡಿಯಲ್ಲೂ ಒಪ್ಪುತ್ತಿರಲಿಲ್ಲ.

ಬೆಂಗಳೂರಿನ ಹೈಕೋರ್ಟಿನಲ್ಲಿ ತಕ್ಕಡಿ ಬೇರೆ ಕಡೆ ವಾಲಿತು. ಬರಹಗಳನ್ನೂ ಖಾತೆಗಳನ್ನೂ ತಡೆಯುವ ಸರಕಾರದ ಆಜ್ಞೆಗಳನ್ನು ಟ್ವಿಟರ್ ಕಂಪನಿ ಪ್ರಶ್ನಿಸಿತ್ತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, ಕಂಪನಿಗೆ ಐವತ್ತು ಲಕ್ಷ ರೂಪಾಯಿ ದಂಡವೂ ಬಿತ್ತು. ಎಕ್ಸ್ ಎಂದು ಹೆಸರು ಬದಲಾದ ಮೇಲೆ ಅದೇ ಕಂಪನಿ ಸರಕಾರದ ಸಹಯೋಗ್ ಎಂಬ ಜಾಲವನ್ನು ಪ್ರಶ್ನಿಸಿ 2025ರ ಸೆಪ್ಟೆಂಬರ್ 24ರಂದು ಮತ್ತೆ ಸೋತಿತು. 19ನೆಯ ವಿಧಿ ನಾಗರಿಕರಿಗೆ, ವಿದೇಶಿ ಕಂಪನಿಗೆ ಅಲ್ಲ ಎಂದಿತು ನ್ಯಾಯಾಲಯ. ಆ ಮಾತು ಸರಿಯೇ. ಆದರೆ ಬರಹ ಅಳಿಸಿಹೋದ ನಾಗರಿಕ ಎಲ್ಲಿದ್ದ? ತಡೆಯುವ ಆಜ್ಞೆಗಳನ್ನು ಗೋಪ್ಯವಾಗಿಡಬೇಕೆಂದು ನಿಯಮವೇ ಇದೆ. ಎಷ್ಟೋ ಸಲ ಬರೆದವನಿಗೆ ಕಾರಣವೂ ತಿಳಿಯುವುದಿಲ್ಲ. 1950ರಲ್ಲಿ ಮದ್ರಾಸ್ ಸರಕಾರ ಆಜ್ಞೆಯನ್ನು ಬಹಿರಂಗವಾಗಿ ಹೊರಡಿಸಿದ್ದರಿಂದಲೇ ಥಾಪರ್ ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಲು ಸಾಧ್ಯವಾಯಿತು. ನನ್ನ ಬೇಡಿಕೆ ಇಷ್ಟೇ: ತಡೆಯುವುದಾದರೆ ಕಾರಣ ಬರೆದು ತಡೆಯಿರಿ, ಬರೆದವನ ಕೈಗೆ ಒಂದು ಪ್ರತಿ ಕೊಡಿ.

ಕೊನೆಗೆ ನಿಮ್ಮ ಉಪಯೋಗಕ್ಕೆ ಬರುವ ಒಂದು ಸಂಗತಿ. 2022ರ ಅಕ್ಟೋಬರಿನ ತಿದ್ದುಪಡಿಯ ಪ್ರಕಾರ ಕಂಪನಿ ತನ್ನ ನಿಯಮಗಳನ್ನು ಇಂಗ್ಲಿಷಿನಲ್ಲಿ, ಇಲ್ಲವೇ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಗಳಲ್ಲಿ ನೀವು ಬಯಸಿದ್ದರಲ್ಲಿ ಒದಗಿಸಬೇಕು. ನೀವು ಯಾವ ರಾಜ್ಯದಲ್ಲಿದ್ದೀರಿ ಎಂಬ ಪ್ರಶ್ನೆ ಅಲ್ಲಿಲ್ಲ. ಜತ್ತದಲ್ಲಿರಿ, ತಾಳವಾಡಿಯಲ್ಲಿರಿ, ಕನ್ನಡದಲ್ಲಿ ಕೇಳಬಹುದು. ಕಾಸರಗೋಡಿನ ತುಳುವರಿಗೆ, ನೀಲಗಿರಿಯ ಬಡಗರಿಗೆ ಈ ಅನುಕೂಲವಿಲ್ಲ, ಅವರ ಭಾಷೆ ಆ ಪಟ್ಟಿಯಲ್ಲಿಲ್ಲ. ಕಂಪನಿಯ ಅಧಿಕಾರಿಯ ಉತ್ತರ ಸರಿಯೆನಿಸದಿದ್ದರೆ ಮೂವತ್ತು ದಿನಗಳೊಳಗೆ ಮೇಲ್ಮನವಿ ಸಮಿತಿಗೆ ಬರೆಯಬಹುದು. ಸಮಿತಿಯನ್ನು ನೇಮಿಸುವುದು ಕೇಂದ್ರ ಸರಕಾರವೇ, ಆ ಮಾತು ನೆನಪಿರಲಿ. ಆದರೂ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಕಳಿಸಿದ್ದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.