ಬಿ, ಐ, ಯು: ಮೂರು ಗುಂಡಿಗಳ ಪೂರ್ವಕಥೆ

ಕಂಪ್ಯೂಟರಿನ ಮುಂದೆ ಅರ್ಜಿಯನ್ನೋ ಆಮಂತ್ರಣವನ್ನೋ ಬರೆಯಲು ಕುಳಿತಾಗ ನಾವು ಮೊದಲು ಹುಡುಕುವುದು ಬಿ, ಐ, ಯು ಎಂಬ ಮೂರು ಗುಂಡಿಗಳನ್ನು. ದಪ್ಪಕ್ಷರ, ಓರೆ ಅಕ್ಷರ, ಅಡಿಗೆರೆ. ತೆರೆಯ ಮೇಲೆ ಒಡಹುಟ್ಟಿದವರಂತೆ ಅಕ್ಕಪಕ್ಕ ಕುಳಿತಿರುವ ಇವು ಒಂದೇ ಕಾಲದವಲ್ಲ, ಒಂದೇ ಊರಿನವೂ ಅಲ್ಲ.

ಓರೆ ಅಕ್ಷರ ವೆನಿಸ್ ನಗರದ್ದು. ಅಲ್ಲಿನ ಮುದ್ರಕ ಆಲ್ಡಸ್ ಮನುಟಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಆ ಅಕ್ಷರದಲ್ಲೇ ಅಚ್ಚು ಹಾಕಿದ. ಅಚ್ಚು ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಅದು ಅಂದಿನ ವಿದ್ವಾಂಸರ ಕೈಬರಹದ ಅನುಕರಣೆಯೇ ಹೊರತು ಒತ್ತಿ ಹೇಳುವ ಉಪಾಯವಾಗಿರಲಿಲ್ಲ. ಆ ರೂಢಿ ಆಮೇಲೆ ಬಂತು. ಸಾಲಿನ ನಡುವೆ ಒಂದು ಪದವನ್ನು ಎದ್ದು ಕಾಣಿಸುವ ದಪ್ಪಕ್ಷರ ಇನ್ನೂ ಈಚಿನದು. 1845ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಬೆಸ್ಲಿ ಹೊರತಂದ 'ಕ್ಲಾರೆಂಡನ್' ಇದಕ್ಕೆ ಹೆಸರಾಯಿತು. ಅಡಿಗೆರೆಯಂತೂ ಟೈಪ್‌ರೈಟರಿನ ಬಡತನದ ಫಲ: ಅದರಲ್ಲಿ ಓರೆ ಅಕ್ಷರವಿಲ್ಲ, ಹಾಗಾಗಿ ಹಿಂದೆ ಸರಿಸಿ ಕೆಳಗೆ ಗೆರೆ ಎಳೆಯಬೇಕಿತ್ತು.

1980ರ ದಶಕದಲ್ಲಿ ಹೆಸರು ಮಾಡಿದ ವರ್ಡ್‌ಸ್ಟಾರ್‌ನಲ್ಲಿ ಗುಂಡಿಗಳಿರಲಿಲ್ಲ. ಕಂಟ್ರೋಲ್ ಕೀ ಹಿಡಿದು 'ಪಿ', ಬಳಿಕ 'ಬಿ' ಒತ್ತುವುದನ್ನು ಬಾಯಿಪಾಠ ಮಾಡಿಕೊಳ್ಳಬೇಕಿತ್ತು. ಕಾಗದದಲ್ಲಿ ಬರುವುದೇ ತೆರೆಯಲ್ಲೂ ಕಾಣಬೇಕೆಂಬ ಕನಸು ಅದಕ್ಕೂ ಮೊದಲೇ ನನಸಾಗಿತ್ತು. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತಿತರರು 1974ರಲ್ಲಿ 'ಬ್ರಾವೊ' ರೂಪಿಸಿದ್ದರು. ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು. 1983ರಲ್ಲಿ 'ವರ್ಡ್' ಬಂತು.

ಹೀಗೆ ರೋಮನ್ ಲಿಪಿಯ ಮೂರು ಅಭ್ಯಾಸಗಳು ಜಗತ್ತಿನ ಎಲ್ಲ ಲಿಪಿಗಳ ತಲೆಯ ಮೇಲೆ ಕುಳಿತವು. ಗುಂಡಿ ಒತ್ತಿದರೆ ಕನ್ನಡದ ದುಂಡು ಅಕ್ಷರ ಗಾಳಿಗೆ ವಾಲಿದ ಮಡಕೆಯಂತೆ ಓರೆಯಾಗುತ್ತದೆ. ನಮ್ಮ ಬರಹದಲ್ಲಿ ಅದಕ್ಕೆ ಪರಂಪರೆಯೇ ಇಲ್ಲ. ಓದುವ ಕಣ್ಣಿಗೂ ಅದು ಹಿತವಲ್ಲವೆಂಬುದು ನಮ್ಮ ಅಭಿಪ್ರಾಯ.

ಅರಬಿ ಲಿಪಿಯ ದಾರಿಯೇ ಬೇರೆ. ಲಿಪಿಕಾರರು ಮುಖ್ಯ ಪದವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು, ಇಲ್ಲವೇ ಪದದ ಕೆಳಗಲ್ಲ, ಮೇಲೆ ಗೆರೆ ಎಳೆಯುತ್ತಿದ್ದರು. ಎರಡು ಅಕ್ಷರ ಕೂಡುವ ಜಾಗವನ್ನು ಉದ್ದಕ್ಕೆ ಎಳೆಯುವುದೂ ಇತ್ತು. ಅದಕ್ಕೆ ಕಶೀದಾ ಎಂದು ಹೆಸರು. ಜೊಂಡಿನ ಲೇಖನಿಯ ಈ ಎಳೆತ ವರ್ಡ್‌ನಲ್ಲೂ ಉಳಿದಿದೆ. ಆದರೆ ಬಿ, ಐ, ಯು ಸಾಲಿನಲ್ಲಿ ಹುಡುಕಿದರೆ ಸಿಗದು. ಅರಬಿ ಭಾಷೆಯನ್ನು ಸೇರಿಸಿಕೊಂಡ ಮೇಲೆ, ಪ್ಯಾರಾದ ಎರಡೂ ಅಂಚು ಸರಿಮಾಡುವ ಆಯ್ಕೆಗಳ ನಡುವೆ ಅದು ಕಾಣಿಸುತ್ತದೆ: ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಅಳತೆಗಳಲ್ಲಿ.